ಡಯಾಲಿಸಿಸ್ ಶುಶ್ರೂಷೆ

ಡಯಾಲಿಸಿಸ್ ಶುಶ್ರೂಷೆಯು ಮೂತ್ರಪಿಂಡಗಳು ವಿಫಲಗೊಂಡವರ ರಕ್ತವನ್ನು ಯಂತ್ರದ ಮೂಲಕ ಶುದ್ಧೀಕರಿಸುವ ಚಿಕಿತ್ಸೆಗೆ ಸಂಬಂಧಿಸಿದ ಶುಶ್ರೂಷಾ ವಿಭಾಗವಾಗಿದೆ. ಸಾಮಾನ್ಯ ವಾರ್ಡಿನಿಂದ ಬರುವ ಹೊಸ ಶುಶ್ರೂಷಕರು ಯಂತ್ರದ ನಿರ್ವಹಣೆ, ಸೂಜಿ ಹಾಕುವುದು ಮತ್ತು ದ್ರವದ ಲೆಕ್ಕಾಚಾರವನ್ನು ಬಹುಮಟ್ಟಿಗೆ ಘಟಕದಲ್ಲಿಯೇ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕಲಿಯುತ್ತಾರೆ. ಭಾರತದ ಅನೇಕ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ತಂತ್ರಜ್ಞರೂ ಈ ಕೆಲಸಗಳಲ್ಲಿ ಪಾಲುದಾರರು.

ಹಿನ್ನೆಲೆ

ವಿಲ್ಲೆಮ್ ಕೋಲ್ಫ್ ಅವರು 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ನಗರದಲ್ಲಿ ತಿರುಗುವ ಪೀಪಾಯಿಯ ಕೃತಕ ಮೂತ್ರಪಿಂಡವನ್ನು ಬಳಸಿದರು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೂಪಿಸಿದ ಟೆಫ್ಲಾನ್ ಷಂಟ್‌ನಿಂದ ದೀರ್ಘಕಾಲದ ಚಿಕಿತ್ಸೆ ಸಾಧ್ಯವಾಯಿತು. ಭಾರತದಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತು.

ಫಿಸ್ಟುಲಾ ಮತ್ತು ಸೂಜಿ

ಹೊಸಬರಿಗೆ ಅತ್ಯಂತ ಅಳುಕು ಹುಟ್ಟಿಸುವ ಕೆಲಸವಿದು. ಫಿಸ್ಟುಲಾ ಎಂದರೆ ಸಾಮಾನ್ಯವಾಗಿ ಮುಂಗೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ಪಡೆದ ರಕ್ತಮಾರ್ಗ. ಬ್ರೆಸಿಯಾ, ಚಿಮಿನೊ ಮತ್ತು ಸಂಗಡಿಗರು ಇದನ್ನು 1966ರಲ್ಲಿ ವಿವರಿಸಿದರು. ಸೂಜಿ ಹಾಕುವ ಮುನ್ನ ಬೆರಳಿಟ್ಟು ಕಂಪನವನ್ನು ಗುರುತಿಸಬೇಕು, ಸ್ಟೆತಸ್ಕೋಪಿನಿಂದ ಸದ್ದನ್ನು ಆಲಿಸಬೇಕು. ಕಂಪನ ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಕೂಡಲೇ ವೈದ್ಯರಿಗೆ ತಿಳಿಸಬೇಕಾಗುತ್ತದೆ. ಬಳಸುವ ಸೂಜಿಗಳು ಸಾಮಾನ್ಯವಾಗಿ 15ರಿಂದ 17 ಗೇಜಿನವು, ಅಂದರೆ ಸಾಕಷ್ಟು ದಪ್ಪನೆಯವು. ಒಂದೇ ಸಣ್ಣ ಜಾಗದಲ್ಲಿ ಮನಬಂದಂತೆ ಪದೇ ಪದೇ ಚುಚ್ಚಿದರೆ ನಾಳದ ಗೋಡೆ ದುರ್ಬಲಗೊಂಡು ಉಬ್ಬುತ್ತದೆ. ಆ ಕೈಯಲ್ಲಿ ರಕ್ತದೊತ್ತಡ ಅಳೆಯುವುದಿಲ್ಲ. ಫಿಸ್ಟುಲಾ ರೋಗಿಯ ಜೀವನಾಡಿಯಾದ್ದರಿಂದ ಆರಂಭದಲ್ಲಿ ಹೊಸಬರಿಗೆ ಬಲಿತ, ಸುಲಭವಾದ ಫಿಸ್ಟುಲಾಗಳನ್ನೇ ವಹಿಸುವುದು ಒಳ್ಳೆಯ ಪದ್ಧತಿ.

ತೂಕದ ಲೆಕ್ಕ

ಹೆಚ್ಚುವರಿ ನೀರಿಲ್ಲದ ಸ್ಥಿತಿಯ ತೂಕವನ್ನು ಒಣತೂಕ ಎನ್ನುತ್ತಾರೆ. 60 ಕಿಲೋ ಒಣತೂಕದ ರೋಗಿಯು 62.5 ಕಿಲೋ ತೂಗಿದರೆ ಸುಮಾರು 2.5 ಲೀಟರ್ ನೀರು ಸೇರಿದೆ ಎಂದರ್ಥ. ಕೊನೆಯಲ್ಲಿ ರಕ್ತವನ್ನು ಮರಳಿಸಲು ಬಳಸುವ 300 ಮಿಲಿಲೀಟರ್ ಸಲೈನನ್ನೂ ಕೂಡಿಸಿದರೆ 2.8 ಲೀಟರ್; ನಾಲ್ಕು ಗಂಟೆಗಳಲ್ಲಿ ತೆಗೆಯಲು ಗಂಟೆಗೆ 700 ಮಿಲಿಲೀಟರ್. ಇದು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 12 ಮಿಲಿಲೀಟರಿಗಿಂತ ತುಸು ಕಡಿಮೆ. 13 ಮಿಲಿಲೀಟರನ್ನು ಮೀರದಿರುವುದು ಲೇಸೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ವೇಗ ಹೆಚ್ಚಿದಷ್ಟೂ ರಕ್ತದೊತ್ತಡ ಕುಸಿಯುವ ಮತ್ತು ಸ್ನಾಯು ಸೆಳೆತ ಉಂಟಾಗುವ ಅಪಾಯ ಹೆಚ್ಚು. ಆಕಳಿಕೆ, ಬೆವರು, ವಾಕರಿಕೆ, ಎಂದಿನಂತೆ ಮಾತನಾಡುವವರು ಸುಮ್ಮನಾಗುವುದು – ಇವು ಯಂತ್ರದ ಎಚ್ಚರಿಕೆಗಂಟೆಗಿಂತ ಮೊದಲೇ ಕಾಣಬಹುದಾದ ಲಕ್ಷಣಗಳು. ಆಗ ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲುಗಳನ್ನು ಎತ್ತರಿಸಿ, ಘಟಕದ ನಿಯಮದಂತೆ ಸಲೈನ್ ನೀಡಲಾಗುತ್ತದೆ.

ನೀರು ಮತ್ತು ಸೋಂಕು

ದ್ರಾವಣವು ನಿಮಿಷಕ್ಕೆ 500 ಮಿಲಿಲೀಟರ್ ಹರಿದರೆ ಒಂದು ಸರದಿಗೆ ಸುಮಾರು 120 ಲೀಟರ್ ಬೇಕಾಗುತ್ತದೆ. ನೀರಿನಲ್ಲಿ ಕ್ಲೋರಮೈನ್ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದಲ್ಲಿ ಪಾಚಿಯ ವಿಷ ಬೆರೆತ ನೀರಿನಿಂದ 50ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳು ಮೃತಪಟ್ಟರು. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರವನ್ನು ಮೀಸಲಿಡಲಾಗುತ್ತದೆ. ಸಿಬ್ಬಂದಿಗೆ ಲಸಿಕೆ ಅಗತ್ಯ.

ರೋಗಿಗಳೊಡನೆ ಒಡನಾಟ

ವಾರಕ್ಕೆ ಎರಡು ಅಥವಾ ಮೂರು ಬಾರಿಯಂತೆ ಅದೇ ರೋಗಿಗಳು ವರ್ಷಗಟ್ಟಲೆ ಬರುತ್ತಾರೆ. ಅವರಲ್ಲಿ ಹಲವರಿಗೆ ತಮ್ಮ ಫಿಸ್ಟುಲಾದ ಬಗ್ಗೆ ಹೊಸ ಶುಶ್ರೂಷಕರಿಗಿಂತ ಹೆಚ್ಚು ತಿಳಿದಿರುತ್ತದೆ. ಆಹಾರದ ಸಲಹೆಯೂ ಶುಶ್ರೂಷಕರ ಹೊಣೆಯೇ. ಉಪ್ಪಿನಕಾಯಿ, ಹಪ್ಪಳಗಳು ಬಾಯಾರಿಕೆಯನ್ನೂ ಅದರೊಡನೆ ತೂಕವನ್ನೂ ಹೆಚ್ಚಿಸುತ್ತವೆ. ಕಾಯಿಲೆಯವರಿಗೆ ಒಳ್ಳೆಯದೆಂದು ಬಂಧುಗಳು ತಂದುಕೊಡುವ ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿದ್ದು, ಈ ರೋಗಿಗಳಲ್ಲಿ ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.