ಎರೆಮಣ್ಣೂ ಬಣ್ಣದ ನೀರೂ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳ ಎರೆಭೂಮಿಯನ್ನು ಚರಿತ್ರಕಾರರು ಬಹುಮಟ್ಟಿಗೆ ಬೆಳೆ, ಕಂದಾಯಗಳ ಪ್ರಸಂಗದಲ್ಲಿ ಮಾತ್ರ ನೆನೆಯುವರು. ಬಣ್ಣದಿಂದ ಕೆಟ್ಟ ನೀರನ್ನು ಜೇಡಿಮಣ್ಣಿನಿಂದ ತಿಳಿಗೊಳಿಸುವ ಪ್ರಯೋಗಗಳು ನಡೆದಿರುವ ಈ ಕಾಲದಲ್ಲಿ, ಆ ಮಣ್ಣಿಗೆ ಇನ್ನೊಂದು ಚರಿತ್ರೆಯೂ ಉಂಟೆಂಬುದನ್ನು ನಾವಿಲ್ಲಿ ಸೂಚಿಸಬಯಸುತ್ತೇವೆ.

ಈ ವಿದ್ಯೆ ಹುಟ್ಟಿದುದು ಬಣ್ಣದ ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ. ಇಂಗ್ಲೆಂಡಿನ ಜಮೀನುದಾರನಾದ ಥಾಂಪ್ಸನ್ನನು 1845ರಲ್ಲಿ, ಗೊಬ್ಬರದ ಅಮೋನಿಯವನ್ನು ಮಣ್ಣು ತಡೆಹಿಡಿಯುವುದನ್ನು ಕಂಡನು. ಆ ಶಕ್ತಿ ಜೇಡಿಯದೆಂದೂ, ಅಮೋನಿಯ ಒಳಸೇರಿದಂತೆ ಸುಣ್ಣದ ಅಂಶ ಹೊರಬೀಳುವುದೆಂದೂ ರಸಾಯನಜ್ಞ ಜಾನ್ ಥಾಮಸ್ ವೇ 1850ರಲ್ಲಿ ತೋರಿಸಿಕೊಟ್ಟನು. ಡಾಂಬರಿನ ಮೂಲದಿಂದ ಪರ್ಕಿನ್ನನು ನೇರಿಳೆ ಬಣ್ಣವನ್ನು ಪಡೆದುದು 1856ರಲ್ಲಿ. ರೋಗಕ್ಕಿಂತ ಆರು ವರ್ಷ ಮೊದಲೇ ಮದ್ದಿನ ಗುಣ ತಿಳಿದಿತ್ತೆನ್ನಬೇಕು!

ಎರೆಮಣ್ಣಿನ ಜೇಡಿ ಅತಿ ತೆಳುವಾದ ಪದರಗಳಿಂದಾದುದು. ಆ ಪದರಗಳಲ್ಲಿ ಋಣ ವಿದ್ಯುದಂಶವಿದೆ. 1876ರ ಮೆಥಿಲೀನ್ ನೀಲಿ, 1877ರ ಮ್ಯಾಲಕೈಟ್ ಹಸಿರು ಮೊದಲಾದವು ನೀರಿನಲ್ಲಿ ಧನ ವಿದ್ಯುದಂಶವನ್ನು ಹೊಂದುವುದರಿಂದ ಜೇಡಿ ಅವನ್ನು ಸುಲಭವಾಗಿ ಸೆಳೆದುಕೊಳ್ಳುತ್ತದೆ. ನಮ್ಮ ಮಡಿವಾಳರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದ ಚೌಳುಮಣ್ಣನ್ನು ಇದಕ್ಕೆ ಪೂರ್ವಪ್ರಮಾಣವೆಂದು ಹಿಡಿಯುವುದು ಮಾತ್ರ ಸಲ್ಲದು. ಅದರ ಗುಣ ಕ್ಷಾರದ್ದು, ಜೇಡಿಯದಲ್ಲ. ದೇಶಾಭಿಮಾನಕ್ಕಾಗಿ ಎರಡನ್ನೂ ಒಂದುಮಾಡಲಾಗದು.

ಆದರೆ ಎಲ್ಲ ಬಣ್ಣಗಳೂ ಜೇಡಿಗೆ ಒಲಿಯುವುವಲ್ಲ. ಚಾಮರಾಜನಗರದಿಂದ ದಿಂಬಂ ಘಟ್ಟವಿಳಿದು ಸತ್ಯಮಂಗಲವನ್ನು ದಾಟಿ ಮುಂದೆ ಹೋದರೆ ತಿರುಪ್ಪೂರು. ಅಲ್ಲಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಸೇರಿ, 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಜಲಾಶಯವನ್ನು ಬೇಸಾಯಕ್ಕೆ ಒದಗದಂತೆ ಮಾಡಿತು. 2011ರಲ್ಲಿ ಮದರಾಸು ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಆಜ್ಞೆಮಾಡಿತು. ಹತ್ತಿಬಟ್ಟೆಗೆ ಈಗ ಹೆಚ್ಚಾಗಿ ಹಾಕುವ ಬಣ್ಣಗಳಲ್ಲಿರುವುದು ಋಣ ವಿದ್ಯುದಂಶವೇ. ಸಂಸ್ಕರಿಸದ ಜೇಡಿ ಅವನ್ನು ಹಿಡಿಯುವುದಕ್ಕಿಂತ ದೂಡುವುದೇ ಹೆಚ್ಚು. ಬಣ್ಣ ಕಚ್ಚಲೆಂದು ಸುರಿಯುವ ಉಪ್ಪಂತೂ ನೀರಿನಲ್ಲಿಯೇ ಉಳಿಯುತ್ತದೆ. ಅಗ್ಗದ ಮಣ್ಣೊಂದಿದೆಯೆಂಬ ಭರವಸೆಯ ಮೇಲೆ ಬಣ್ಣದ ಉದ್ಯಮವನ್ನು ಘಟ್ಟದ ಮೇಲಕ್ಕೆ ಕರೆಯುವುದು ವಿವೇಕವೆಂದು ನಮಗೆ ತೋರದು.

ಇನ್ನೊಂದು ವಿಷಯವುಂಟು. ಜೇಡಿ ಬಣ್ಣವನ್ನು ಹಿಡಿದಿಡುತ್ತದೆಯೇ ಹೊರತು ನಾಶಮಾಡುವುದಿಲ್ಲ. ಬೆಳೆಗೆ ಬೇಕಾದ ಸಾರವನ್ನು ಎರೆಹೊಲ ಯಾವ ಗುಣದಿಂದ ಉಳಿಸಿಕೊಳ್ಳುವುದೋ, ಹೊಲಕ್ಕೆ ಹರಿದ ಬಣ್ಣವನ್ನೂ ಅದೇ ಗುಣದಿಂದ ಉಳಿಸಿಕೊಂಡೀತು. ಆದುದರಿಂದ ಈ ಸೀಮೆಯ ಮಣ್ಣು ಯಾವ ಬಣ್ಣವನ್ನು ಎಷ್ಟು ಹಿಡಿಯಿತೆಂಬ ಅಳತೆಯೊಡನೆ, ಬಣ್ಣ ಹಿಡಿದ ಮಣ್ಣನ್ನು ಕೊನೆಗೆ ಎಲ್ಲಿ ಹಾಕಿದರೆಂಬ ದಾಖಲೆಯನ್ನೂ ಪ್ರಯೋಗಶಾಲೆಗಳು ಬರೆದಿಡಬೇಕು. ಗುಂಡ್ಲು ಹೊಳೆ, ಸುವರ್ಣಾವತಿಗಳ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಎರಡೂ ಬೇಕಾಗುವುವು.