ವಾಡಿ ಜಂಕ್ಷನ್ ದಾಟಿ ಯುರೋಪಿಗೆ

ಆಳಂದದಲ್ಲಿರುವ ನಮ್ಮ ದೂರದ ಸಂಬಂಧದ ಕಾಕಾ, ಕಾಕು ಇಬ್ಬರೂ ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದ ಮರುವರ್ಷ ಯುರೋಪ್ ನೋಡಿ ಬಂದರು. ಅವರ ಮನೆಗೆ ಹೋದ ದಿನ ಚಹಾ ಆರುವತನಕ ಮೊಬೈಲಿನಲ್ಲಿ ಫೋಟೊ ನೋಡುವುದೇ ಆಯಿತು. ಪ್ಯಾರಿಸ್ಸಿನ ಗೋಪುರ, ವೆನಿಸ್ಸಿನ ದೋಣಿ ಎಲ್ಲ ಮುಗಿದ ಮೇಲೆ ಕಾಕಾ ಒಂದು ಫೋಟೊದ ಹತ್ತಿರ ನಿಂತರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಪರ್ವತದೊಳಗೆ ಕೊರೆದ ಸುರಂಗದಲ್ಲಿ ಹತ್ತುವ ಕೆಂಪು ರೈಲು. “ಹನ್ನೊಂದು ಸಾವಿರ ಫೂಟಿನ ಮ್ಯಾಲ ರೈಲು ಹತ್ತಿಸ್ಯಾರವಾ, ಅದೂ 1912ರಾಗ. ನಮ್ಮ ಆಳಂದಕ್ಕ ಇನ್ನಾ ಬಂದಿಲ್ಲ ನೋಡು” ಎಂದರು. ಕಾಕು ಒಳಗಿನಿಂದಲೇ, “ಬಂದಿದ್ರ ನೀವೇನು ದಿನಾ ಹತ್ತತಿದ್ರೇನು?” ಎಂದು ಕೇಳಿದರು.

ಕಾಕಾ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕು ಕೇಂದ್ರಗಳಲ್ಲಿ ಇವತ್ತಿಗೂ ರೈಲು ನಿಲ್ದಾಣವಿಲ್ಲ. ಆಳಂದದವರು ಕಲಬುರಗಿಗೋ ದುಧನಿಗೋ ಹೋಗಬೇಕು. ಅಫಜಲಪುರದವರಿಗೆ ಗಾಣಗಾಪುರ ರೋಡ್ ಇದೆ, ಹೆಸರಿನಲ್ಲಿರುವ ಆ ‘ರೋಡ್’ ಎಂಬ ಪದವೇ ಊರು ಇಲ್ಲಿಲ್ಲ, ಇನ್ನೂ ದೂರವಿದೆ ಎಂದು ಹೇಳುತ್ತದೆ. ಜೇವರ್ಗಿಯವರು ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿ ದಾಟಿ ಕಲಬುರಗಿಗೆ ಬರಬೇಕು. ಆದರೆ ಈ ತಾಲೂಕುಗಳ ಅಂಚಿನಲ್ಲೇ ಸುಮಾರು ನೂರೈವತ್ತು ವರ್ಷಗಳಿಂದ ಒಂದು ಹಳಿ ಇದೆ. ಯುರೋಪಿಗೆ ಹೊರಟ ಗಂಡ ಹೆಂಡತಿಯರು ಆ ಹಳಿಯ ಮೇಲೆ ಬಹಳ ಹಿಂದೆಯೇ ಓಡಾಡಿದ್ದಾರೆ. ಅವರಲ್ಲಿ ಒಬ್ಬಾಕೆ ಆ ಪ್ರವಾಸದ ಪುಸ್ತಕವನ್ನೂ ಬರೆದಳು. ಪ್ರವಾಸ ಸಾಹಿತ್ಯದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಆ ಪುಸ್ತಕದ ಹೆಸರು ಮೂರನೆಯ ವರ್ಷದವರೆಗೂ ಗೊತ್ತಿರಲಿಲ್ಲ ಎನ್ನುವುದೇ ಈ ಬರಹಕ್ಕೆ ಕಾರಣ.

ಮೊದಲು ಹಳಿಯ ವಿಷಯ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರ ದಾಟಿ, ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್, ವಾಡಿಗಳ ಮೂಲಕ 1871ರಲ್ಲಿ ರಾಯಚೂರು ಮುಟ್ಟಿ ಅಲ್ಲಿ ಮದ್ರಾಸ್ ರೈಲ್ವೆಗೆ ಕೂಡಿಕೊಂಡಿತು. ಮುಂಬೈಯನ್ನೂ ಮದ್ರಾಸನ್ನೂ ಜೋಡಿಸುವುದು ಅದರ ಉದ್ದೇಶ. ನಡುವೆ ನಿಜಾಮನ ಸೀಮೆಯ ಕನ್ನಡ ಊರುಗಳು ಇದ್ದವು, ಅಷ್ಟೇ. ಆಳಂದದ ತೊಗರಿಯನ್ನಾಗಲಿ ಜೇವರ್ಗಿಯ ಜೋಳವನ್ನಾಗಲಿ ಕೇಳಿ ಯಾರೂ ಗೆರೆ ಎಳೆಯಲಿಲ್ಲ. 1874ರಲ್ಲಿ ನಿಜಾಮ ಸರ್ಕಾರದ ಹಣದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಅಲ್ಲಿಗೆ ಹೈದರಾಬಾದಿನವರಿಗೆ ಮುಂಬೈ ಬಂದರಿನ ನೇರ ಬ್ರಾಡ್‌ಗೇಜ್ ಹಾದಿ ತೆರೆಯಿತು. ಹೈದರಾಬಾದ್, ವಾಡಿ, ಕಲಬುರಗಿ, ಸೊಲ್ಲಾಪುರ, ಮುಂಬೈ, ಆಮೇಲೆ ಹಡಗು.

ನಮ್ಮ ಹಳಿ ರಾಯಚೂರು ಮುಟ್ಟಿದ ಅದೇ 1871ರಲ್ಲಿ ಫ್ರಾನ್ಸ್ ಮತ್ತು ಇಟಲಿಗಳ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದ ಮೊದಲ ದೊಡ್ಡ ರೈಲು ಸುರಂಗ ತೆರೆಯಿತು. ಅದಕ್ಕೆ ಎರಡು ವರ್ಷ ಮೊದಲು, 1869ರಲ್ಲಿ, ಸುಯೆಜ್ ಕಾಲುವೆ ಶುರುವಾಗಿತ್ತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆಗಿನ ಪ್ರಯಾಣಿಕರ ಲೆಕ್ಕ ತಿಳಿಯುತ್ತದೆ. ಮುಂಬೈಯಲ್ಲಿ ಹಡಗು ಹತ್ತಿ ಇಟಲಿಯ ಬ್ರಿಂಡಿಸಿಯಲ್ಲಿ ಇಳಿದರೆ ಮುಂದೆಲ್ಲ ರೈಲು. ಭಾರತದ ಟಪಾಲು ಆ ದಾರಿಯಲ್ಲೇ ಲಂಡನ್ನಿಗೆ ಹೋಗುತ್ತಿತ್ತು. ಟಪಾಲಿನ ಹಿಂದೆಯೇ ಜನರೂ ಹೊರಟರು. ಮುಂದೆ 1882ರಲ್ಲಿ ಗೋಟ್ಹಾರ್ಡ್, 1906ರಲ್ಲಿ ಸಿಂಪ್ಲಾನ್ ಸುರಂಗಗಳು ತೆರೆದ ಮೇಲಂತೂ ಇಟಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್‌ಗಳನ್ನು ಒಂದೇ ಸುತ್ತಿನಲ್ಲಿ ನೋಡಿ ಬರುವುದು ಹಣವಿದ್ದವರಿಗೆ ಸಲೀಸಾಯಿತು.

ರೈಲಿನಲ್ಲಿ ಊರೂರು ‘ನೋಡಲು’ ಹೋಗುವುದು ಯುರೋಪಿಗೂ ಆಗ ಹೊಸದೇ. ಥಾಮಸ್ ಕುಕ್ ಎಂಬ ಬಡಗಿ 1841ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಿಂದ ಲಫ್‌ಬರೋಗೆ ಮದ್ಯಪಾನ ವಿರೋಧಿ ಸಭೆಯೊಂದಕ್ಕೆ ಸುಮಾರು ಐನೂರು ಜನರನ್ನು ರೈಲಿನಲ್ಲಿ ಕರೆದೊಯ್ದ. ಅಲ್ಲಿಂದ ಶುರುವಾದ ಆತನ ವ್ಯಾಪಾರ 1855ರಲ್ಲಿ ಯುರೋಪಿನ ನಾಡುಗಳಿಗೆ, 1863ರಲ್ಲಿ ಸ್ವಿಟ್ಜರ್ಲೆಂಡಿಗೆ ಮುಟ್ಟಿತು. ಅದಕ್ಕೂ ಮುಂಚೆ ಯುರೋಪ್ ಸುತ್ತುವುದೆಂದರೆ ಇಂಗ್ಲೆಂಡಿನ ಶ್ರೀಮಂತರ ಗಂಡುಮಕ್ಕಳು ಮದುವೆಗೆ ಮುಂಚೆ ವರ್ಷಗಟ್ಟಲೆ ತಿರುಗುವ ಶೋಕಿ. ಟಿಕೆಟು, ಹೋಟೆಲು, ಊಟ ಎಲ್ಲವನ್ನೂ ಮೊದಲೇ ಕಟ್ಟಿಕೊಡುವ ಕುಕ್ ಬಂದ ಮೇಲೆ ಹೆಂಗಸರು, ಮಧ್ಯಮ ವರ್ಗದ ಗಂಡ ಹೆಂಡಿರು ಧೈರ್ಯವಾಗಿ ಹೊರಟರು. ಆ ಪ್ರಯಾಣಿಕರನ್ನು ಆಗಿನ ಬರಹಗಾರರು ಸಾಕಷ್ಟು ಹಂಗಿಸಿದ್ದಾರೆ. ಇವತ್ತು ಪ್ಯಾಕೇಜ್ ಟೂರಿನವರನ್ನು ನಾವು ಹಂಗಿಸುವುದೂ ಅದೇ ಧಾಟಿಯಲ್ಲಿ. ನನಗೆ ಹಂಗಿಸಲು ಮನಸ್ಸಾಗುವುದಿಲ್ಲ. ಎಲ್ಲ ಕಟ್ಟಿಕೊಟ್ಟಿದ್ದರಿಂದಲೇ ನಮ್ಮ ಕಾಕು ಹೋಗಿ ಬಂದರು.

1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತು ವರ್ಷದ ಉತ್ಸವಕ್ಕೆ ಭಾರತದ ರಾಜರನ್ನು ಲಂಡನ್ನಿಗೆ ಸಾಗಿಸುವ ಗುತ್ತಿಗೆಯೂ ಕುಕ್ ಕಂಪನಿಗೇ ಸಿಕ್ಕಿತು. ನಿಜಾಮನ ಪ್ರತಿನಿಧಿಯಾಗಿ ಆ ಉತ್ಸವಕ್ಕೆ ಹೋದವರು ಸರ್ ಆಸ್ಮಾನ್ ಜಾ. ಅವರು ಪಾಯಗಾ ಮನೆತನದವರು. ಪಾಯಗಾ ಎಂದರೆ ನಿಜಾಮನಿಗಾಗಿ ಸೇನೆ ಸಾಕುವುದಕ್ಕೆಂದು ಜಹಗೀರು ಪಡೆದ ಅಮೀರರು. ಆಳಂದ, ಅಫಜಲಪುರಗಳು ಪಾಯಗಾ ತಾಲೂಕುಗಳಾಗಿದ್ದವು. ಅಂದರೆ ಅಲ್ಲಿನ ಹೊಲದ ಕಂದಾಯ ನೇರ ಸರ್ಕಾರದ ಖಜಾನೆಗೆ ಹೋಗದೆ ಈ ಅಮೀರರ ಮನೆಗಳಿಗೆ ಹೋಗುತ್ತಿತ್ತು. ಜೇವರ್ಗಿ ಅಂದೋಲಾ ತಾಲೂಕಿನಲ್ಲಿತ್ತು. ಹೈದರಾಬಾದಿನ ಅಮೀರರ ಯುರೋಪ್ ಪ್ರಯಾಣಗಳ ಬಗ್ಗೆ ಓದುವಾಗ ಆ ಟಿಕೆಟಿನ ದುಡ್ಡು ಯಾವ ಹೊಲಗಳಿಂದ ಎದ್ದಿತು ಎಂಬುದು ನಮ್ಮ ಕಡೆಯವರಿಗೆ ನೆನಪಾಗದೆ ಇರದು.

ಮರುವರ್ಷ, 1888ರಲ್ಲಿ, ಒಂದು ಜೋಡಿಯೇ ಹೊರಟಿತು. ನಿಜಾಮನ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಲಖನೌ ಮೂಲದ ಮೆಹದಿ ಹಸನ್ ಮತ್ತು ಅವರ ಹೆಂಡತಿ ಎಲೆನ್. ಸರ್ಕಾರಿ ಕೆಲಸದ ಮೇಲೆ ಲಂಡನ್ನಿಗೆ ಹೋದರೂ ಇಬ್ಬರೂ ಅಲ್ಲಿನ ದೊಡ್ಡ ಸಮಾಜದಲ್ಲಿ ಓಡಾಡಿದರು. ಗಂಡನ ದಿನಚರಿ 1890ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಹೆಂಡತಿಯ ಕಣ್ಣಿಗೆ ಬಿದ್ದ ಲಂಡನ್ ಅಚ್ಚಾಗಲಿಲ್ಲ. 1892ರಲ್ಲಿ ಆಕೆಯ ಹಿಂದಿನ ಬದುಕಿನ ಮೇಲೆ ಕೆಸರು ಎರಚುವ ಒಂದು ಕರಪತ್ರ ಹೈದರಾಬಾದಿನಲ್ಲಿ ಹಂಚಲ್ಪಟ್ಟು, ಪ್ರಕರಣ ಕೋರ್ಟಿಗೆ ಹೋಗಿ, ಆ ದಂಪತಿಯ ಬದುಕೇ ಕುಸಿಯಿತು. ಗಂಡನ ಜೊತೆ ರಾಣಿಯ ದರ್ಶನ ಪಡೆದು ಬಂದ ಹೆಣ್ಣಿನ ಬಗ್ಗೆ ನಮಗೆ ಉಳಿದಿರುವುದು ಮುಖ್ಯವಾಗಿ ಬೇರೆಯವರು ಬರೆದ ಮಾತು.

ಇದರಿಂದಲೇ ಸುಗ್ರಾ ಹುಮಾಯೂನ್ ಮಿರ್ಜಾ ನನಗೆ ದೊಡ್ಡವರಾಗಿ ಕಾಣುತ್ತಾರೆ. 1884ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಸುಗ್ರಾ ಉರ್ದು ಲೇಖಕಿ, ಪತ್ರಿಕೆಯ ಸಂಪಾದಕಿ, ಹೆಣ್ಣುಮಕ್ಕಳ ಶಾಲೆ ಕಟ್ಟಿದವರು. ಗಂಡ ಸೈಯದ್ ಹುಮಾಯೂನ್ ಮಿರ್ಜಾ ಬ್ಯಾರಿಸ್ಟರ್. ಬ್ಯಾರಿಸ್ಟರ್ ಆಗಬೇಕಾದರೆ ಆಗ ಲಂಡನ್ನಿನಲ್ಲೇ ಓದಬೇಕು, ಹಾಗಾಗಿ ಗಂಡನಿಗೆ ಅದು ಕಂಡ ಊರು. 1924ರಲ್ಲಿ ದಂಪತಿ ಯುರೋಪ್ ಪ್ರವಾಸ ಮಾಡಿದರು. 1926ರಲ್ಲಿ ಸುಗ್ರಾ ಅವರ ‘ಸಫರ್‌ನಾಮಾ-ಎ-ಯುರೋಪ್’ ಪ್ರಕಟವಾಯಿತು. ಕಂಡ ಊರನ್ನು ಎರಡನೆಯ ಸಲ ನೋಡಿದ ಗಂಡನಲ್ಲ, ಮೊದಲ ಸಲ ನೋಡಿದ ಹೆಂಡತಿ ಬರೆದದ್ದು. ಪರದೆ ಬಿಟ್ಟು ಹೊರಬಂದ ಹೈದರಾಬಾದಿನ ಮೊದಲ ಹೆಂಗಸರಲ್ಲಿ ಆಕೆಯನ್ನು ಎಣಿಸುತ್ತಾರೆ. ಯುರೋಪ್ ಒಂದೇ ಅಲ್ಲ, ಇರಾಕ್, ಕಾಶ್ಮೀರಗಳ ಪ್ರವಾಸದ ಬಗ್ಗೆಯೂ ಆಕೆ ಬರೆದಿದ್ದಾರೆ. ಒಬ್ಬ ಹೆಣ್ಣುಮಗಳು ಒಂದು ಸಲ ಹೋಗಿ ಬಂದ ಸಂಭ್ರಮಕ್ಕೆ ಬರೆದ ಪುಸ್ತಕವಲ್ಲ ಅದು. ಪ್ರವಾಸ ಕಥನವನ್ನು ಒಂದು ಕಸುಬಿನಂತೆ ಹಿಡಿದಿದ್ದ ಲೇಖಕಿಯ ಪುಸ್ತಕ.

ಆ ಪುಸ್ತಕ ಬಂದು ಎರಡು ವರ್ಷಕ್ಕೆ, 1928ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಒಂದೇ ಸಂಸ್ಥಾನ, ಒಂದೇ ಹಳಿ. ಆದರೂ ಆ ಎರಡು ಸಾಹಿತ್ಯ ಲೋಕಗಳು ಪಕ್ಕಪಕ್ಕದ ಡಬ್ಬಿಗಳಲ್ಲಿ ಕೂತ ಪ್ರಯಾಣಿಕರ ಹಾಗೆ ಇದ್ದವು. ಕನ್ನಡ ಪ್ರವಾಸ ಸಾಹಿತ್ಯದ ಚರಿತ್ರೆಯಲ್ಲಿ ಯುರೋಪ್ ಎಂದರೆ ನಾವು ಓದುವುದು ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’. ದಂಪತಿ ಒಟ್ಟಿಗೆ ಹೋದದ್ದನ್ನು ನೆನೆದರೆ ಗೊರೂರರ ‘ಅಮೆರಿಕದಲ್ಲಿ ಗೊರೂರು’. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ಅಲ್ಲಿಯೂ ಬರೆದವರು ಗಂಡ. ಹೆಣ್ಣಿನ ಕಣ್ಣಿನ ಯುರೋಪಿಗೆ ನಾವು ನೇಮಿಚಂದ್ರ ಅವರ ‘ಒಂದು ಕನಸಿನ ಪಯಣ’ದವರೆಗೆ ಬರುತ್ತೇವೆ. ಇವೆಲ್ಲ ಒಳ್ಳೆಯ ಪುಸ್ತಕಗಳೇ. ನನ್ನ ತಕರಾರು ಪುಸ್ತಕಗಳ ಮೇಲಲ್ಲ, ನಾವು ಮಾಡಿಕೊಂಡ ಪಟ್ಟಿಯ ಮೇಲೆ. ಮೈಸೂರು, ಧಾರವಾಡ, ಕರಾವಳಿಗಳಿಂದ ಬರೆದವರು ಅದರಲ್ಲಿ ಸಿಗುತ್ತಾರೆ. ಕಲಬುರಗಿ ಸೀಮೆಗೆ ಬಂದಾಗ ಪುಟ ಖಾಲಿ. ‘ಹಿಂದುಳಿದ ಭಾಗ, ಅಲ್ಲಿ ಯಾರು ಯುರೋಪಿಗೆ ಹೋಗಿದ್ದರು, ಯಾರು ಬರೆದಿದ್ದರು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ನಾನೂ ಹೆಚ್ಚುಕಡಿಮೆ ಹಾಗೇ ಬರೆದಿದ್ದೆ.

ಇಲ್ಲಿ ಒಂದು ಮಾತು ಎದುರಾಗುತ್ತದೆ. ಸುಗ್ರಾ ಹೈದರಾಬಾದಿನ ಸಿರಿವಂತ ಮನೆಯವರು, ಬರೆದದ್ದು ಉರ್ದುವಿನಲ್ಲಿ, ಆಕೆ ನಮ್ಮ ಭಾಗದವರು ಹೇಗಾದಾರು? ಜೇವರ್ಗಿಯ ರೈತನ ಹೆಂಡತಿಗೂ ಆಕೆಗೂ ಏನು ಸಂಬಂಧ? ಪ್ರಶ್ನೆ ಸರಿಯೇ. ಉರ್ದು ಆಗ ಆಡಳಿತದ ಭಾಷೆ, ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಸಿಗದಿರಲು ಆ ಆಡಳಿತವೂ ಕಾರಣ. ಆ ನೋವನ್ನು ಮರೆತು ಉರ್ದುವನ್ನು ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ 1948ಕ್ಕೆ ಮುಂಚೆ ನಮ್ಮ ತಾಲೂಕುಗಳಲ್ಲಿ ಶಾಲೆ ಕಲಿತವರು ಉರ್ದುವಿನಲ್ಲೇ ಕಲಿತರು. ಕನ್ನಡ ಮಾತಾಡುವ ಮನೆಗಳಲ್ಲಿ ಹೊಲದ ಕಾಗದ ಓದುತ್ತಿದ್ದ ಅಜ್ಜಂದಿರು ಬಲದಿಂದ ಎಡಕ್ಕೆ ಓದುತ್ತಿದ್ದರು. ಹೈದರಾಬಾದಿನ ಪುಸ್ತಕ ಓದಿ ತಿಳಿಯಬಲ್ಲವರು ಆಳಂದದಲ್ಲಿದ್ದರು, ಲಂಡನ್ನಿನ ಪುಸ್ತಕ ಓದಬಲ್ಲವರು ತೀರ ಕಡಿಮೆ. ಒಂದು ಸೀಮೆಯ ಓದಿನ ಚರಿತ್ರೆ ಬರೆಯುವಾಗ ಅಲ್ಲಿಯವರು ಓದಬಹುದಾಗಿದ್ದ ಭಾಷೆಯನ್ನೇ ಹೊರಗಿಟ್ಟರೆ ಪುಟ ಖಾಲಿ ಕಾಣದೆ ಇನ್ನೇನು ಕಾಣುತ್ತದೆ?

ಹಾಗೆಂದು ರೈಲು ನಮ್ಮವರನ್ನು ಹತ್ತಿಸಿಕೊಳ್ಳಲೇ ಇಲ್ಲ ಎಂದೇನಿಲ್ಲ. ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮದ ಗಾಣಗಾಪುರಕ್ಕೆ ದತ್ತನ ಭಕ್ತರು ಮಹಾರಾಷ್ಟ್ರದಿಂದ ರೈಲಿನಲ್ಲಿ ಬಂದು ಇಳಿದರು. ಮಕ್ಕಳಾಗಲೆಂದು, ಬೇನೆ ವಾಸಿಯಾಗಲೆಂದು ಗಂಡ ಹೆಂಡತಿ ಜೋಡಿಯಾಗಿ ಬಂದು ಸೇವೆ ಮಾಡುವ ಜಾಗವದು. ನಮ್ಮ ಕಡೆಯ ಜೋಡಿಗಳು ಪಂಢರಪುರಕ್ಕೆ, ಕಾಶಿಗೆ ಹೊರಟದ್ದೂ ಇದೇ ಹಳಿಯ ಮೇಲೆ. ಹೆಂಡತಿ ಜೊತೆಗಿದ್ದರೇ ಯಾತ್ರೆಯ ಪುಣ್ಯ ಪೂರ್ತಿ ಎಂಬ ನಂಬಿಕೆ ಇದ್ದದ್ದರಿಂದ ಮನೆಯ ಹೊಸ್ತಿಲು ದಾಟಲು ಹೆಂಗಸರಿಗೆ ಒಪ್ಪಿಗೆ ಸಿಗುತ್ತಿತ್ತು. ಆ ನೆಪದಲ್ಲಿ ಅವರು ಊರು ನೋಡಿದರು, ಬಳೆ ಕೊಂಡರು, ಬೇರೆ ಸೀಮೆಯ ಹೆಂಗಸರ ಜೊತೆ ಮಾತಾಡಿದರು. ಕೇವಲ ನೋಡಲಿಕ್ಕೆಂದು ಹೊರಡುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು.

ಹೈದರಾಬಾದ್ ಮತ್ತು ಯುರೋಪಿನ ನಡುವಿನ ಜೋಡಿ ಪ್ರಯಾಣಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಇದರ ಉಲ್ಟಾ ದಿಕ್ಕಿನದು. 1931ರ ನವೆಂಬರ್ 12ರಂದು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನಿಜಾಮನ ಇಬ್ಬರು ಗಂಡುಮಕ್ಕಳು ಪದಚ್ಯುತ ಆಟೊಮನ್ ಮನೆತನದ ದುರ್ರುಶೆಹವಾರ್ ಮತ್ತು ನೀಲೋಫರ್ ಅವರನ್ನು ಮದುವೆಯಾದರು. ಎರಡೂ ಜೋಡಿಗಳು ಹತ್ತಿದ ‘ಪಿಲ್ಸ್ನಾ’ ಹಡಗಿನಲ್ಲಿ ದುಂಡುಮೇಜಿನ ಪರಿಷತ್ತು ಮುಗಿಸಿ ಮರಳುತ್ತಿದ್ದ ಗಾಂಧೀಜಿಯೂ ಇದ್ದರು. ಮುಂಬೈಯಲ್ಲಿ ಇಳಿದ ಮೇಲೆ ಗಾಂಧೀಜಿ ಕೆಲವೇ ದಿನಗಳಲ್ಲಿ ಜೈಲಿಗೆ ಹೋದರು, ಮದುಮಕ್ಕಳು ನಿಜಾಮನ ಖಾಸಗಿ ರೈಲು ಹತ್ತಿದರು.

ಈಗ ನಾನು ಉರ್ದು ಅಕ್ಷರ ಕಲಿಯುತ್ತಿದ್ದೇನೆ. ನಿಧಾನ. ಬಿಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ಊರಿನ ಹೆಸರೇ ಬದಲಾಗುತ್ತದೆ. ಸಫರ್‌ನಾಮಾದ ಬಗ್ಗೆ ಆಳಂದದಲ್ಲಿ ಹೇಳಿದಾಗ ಕಾಕಾ, “ಹಂಗಾದ್ರ ನಮಗಿಂತ ನೂರು ವರ್ಷ ಮೊದಲ ಹೋಗ್ಯಾರ” ಎಂದರು. ಕಾಕು ಏನೂ ಅನ್ನದೆ ಎದ್ದು ಹೋಗಿ ಟ್ರಂಕಿನಿಂದ ಒಂದು ಶಾಲೆಯ ನೋಟ್‌ಬುಕ್ ತಂದರು. ಪ್ರವಾಸದ ಹದಿಮೂರೂ ದಿನ ರಾತ್ರಿ ಹೋಟೆಲಿನಲ್ಲಿ ಕೂತು ಬರೆದದ್ದು, ಕಾಕಾಗೂ ಗೊತ್ತಿರಲಿಲ್ಲವಂತೆ. ಖರ್ಚಿನ ಲೆಕ್ಕದ ನಡುವೆ ಅಲ್ಲಲ್ಲಿ ಎರಡು ಸಾಲು, ಮೂರು ಸಾಲು. ಓದಿ ಕೊಡುತ್ತೇನೆಂದು ಕೇಳಿದೆ. “ಒಯ್ಯವಾ, ಆದ್ರ ಲೆಕ್ಕದ ಹಾಳಿ ಹರೀಬ್ಯಾಡ” ಎಂದರು.