ಪಾರಾಯಣಕ್ಕೆ ಕೂಡುವುದು

ಮಾಣಿಕನಗರದ ಕಡೆ ಯಾರದಾದರೂ ಮನೆಯ ಬಾಗಿಲಲ್ಲಿ ನಿಂತು ಕೂಗಿದಾಗ ಒಳಗಿನಿಂದ ‘ಪಾರಾಯಣಕ್ಕ ಕುಂತಾರ್ರೀ’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೆ ಮುಗಿಯಿತು. ಎಷ್ಟು ಹೊತ್ತಾಗುತ್ತದೆ, ಏನು ಓದುತ್ತಿದ್ದಾರೆ ಎಂದು ಮೇಲೆ ಬಿದ್ದು ಕೇಳುವ ರೂಢಿಯಿಲ್ಲ. ಬಂದವರು ಕಟ್ಟೆಯ ಮೇಲೆ ಕಾಯುತ್ತಾರೆ, ಇಲ್ಲವೇ ಸಂಜೆ ಬರುತ್ತೇವೆಂದು ಹೇಳಿ ಹೋಗುತ್ತಾರೆ. ಆ ಉತ್ತರದಲ್ಲಿ ‘ಓದು’ ಎಂಬ ಕ್ರಿಯಾಪದವೇ ಇಲ್ಲ. ಪೇಪರು ಓದುತ್ತೇವೆ, ಕಾಗದ ಓದುತ್ತೇವೆ. ಪಾರಾಯಣಕ್ಕೆ ಮಾತ್ರ ಊಟಕ್ಕೆ ಕೂತಂತೆ ಕೂಡುತ್ತೇವೆ.

ಹುಮನಾಬಾದಿಗೆ ಹೊಂದಿಕೊಂಡಿರುವ ಈ ಊರಿನಲ್ಲಿ ಆ ಪದಕ್ಕೆ ಇಷ್ಟು ಗೌರವ ಇರುವುದು ಸಹಜ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ಇಲ್ಲಿ ನೆಲೆ ನಿಂತರು, 1865ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ದತ್ತ ಸಂಪ್ರದಾಯದ ನೆಲವಾದ್ದರಿಂದ ಗುರುಚರಿತ್ರೆಯ ಸಪ್ತಾಹ ಇಲ್ಲಿನ ಮನೆಗಳಿಗೆ ಹೊಸದಲ್ಲ. ಸರಸ್ವತಿ ಗಂಗಾಧರರು ಮರಾಠಿಯಲ್ಲಿ ಬರೆದ ಆ ಗ್ರಂಥವನ್ನು ಏಳು ದಿನಕ್ಕೆ ಹಂಚಿಕೊಂಡು ಓದುತ್ತಾರೆ. ಇಂಥ ದಿನ ಇಂಥ ಅಧ್ಯಾಯದವರೆಗೆ ಎಂಬ ಲೆಕ್ಕವಿದೆ. ಊಟ, ಮಲಗುವುದು, ಮಾತು ಎಲ್ಲಕ್ಕೂ ನೇಮವಿದೆ. ಮನೆಯ ಹಿರಿಯರು ಗ್ರಂಥವನ್ನು ‘ಪೋಥಿ’ ಎನ್ನುತ್ತಾರೆ. ಪೋಥಿಯನ್ನು ನೆಲದ ಮೇಲೆ ಇಡುವುದಿಲ್ಲ, ಅದಕ್ಕೊಂದು ಮರದ ವ್ಯಾಸಪೀಠ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದೇ ಹಲಗೆಯನ್ನು ನಡುವೆ ಸೀಳಿ, ಹಲ್ಲಿಗೆ ಹಲ್ಲು ಕೂಡುವಂತೆ ಕೊರೆದಿರುತ್ತಾರೆ. ಮೊಳೆಯಿಲ್ಲ, ತಿರುಗಣಿಯಿಲ್ಲ. ಬಿಚ್ಚಿದರೆ ಪುಸ್ತಕ ಹಿಡಿಯುವ ಪೀಠ, ಮಡಿಚಿದರೆ ಮತ್ತೆ ಹಲಗೆ. ಇದೇ ವಸ್ತು ಮುಸ್ಲಿಮರ ಮನೆಯಲ್ಲಿ ರೆಹಲ್ ಎಂಬ ಹೆಸರಿನಿಂದ ಕುರ್‌ಆನ್ ಹೊತ್ತು ಕೂತಿರುತ್ತದೆ.

ಪಾರ ಎಂದರೆ ಆಚೆ ದಡ, ಅಯನ ಎಂದರೆ ಹೋಗುವುದು. ಗ್ರಂಥದ ಈ ದಡದಿಂದ ಆ ದಡಕ್ಕೆ ಹೋಗುವುದು ಪಾರಾಯಣ. ಪದ ಬಹಳ ಹಳೆಯದು. ಪಾಣಿನಿ ತನ್ನ ಅಷ್ಟಾಧ್ಯಾಯಿಯ ಒಂದು ಸೂತ್ರದಲ್ಲಿ ಇದನ್ನು ಚಾಂದ್ರಾಯಣದ ಜೊತೆಯಲ್ಲಿಯೇ ಹೇಳುತ್ತಾನೆ. ಚಂದ್ರನ ವೃದ್ಧಿಕ್ಷಯಕ್ಕೆ ತಕ್ಕಂತೆ ತುತ್ತುಗಳನ್ನು ಹೆಚ್ಚಿಸುತ್ತ ಇಳಿಸುತ್ತ ಹೋಗುವ ವ್ರತ ಅದು. ಅಂದರೆ ಆ ಕಾಲಕ್ಕೇ ಪಾರಾಯಣವನ್ನು ವ್ರತಗಳ ಸಾಲಿನಲ್ಲಿ ಕೂರಿಸಿ ನೋಡುತ್ತಿದ್ದರು. ಪತಂಜಲಿಯ ಮಹಾಭಾಷ್ಯದಲ್ಲಿ ಇನ್ನೂ ಸೊಗಸಾದ ಕಥೆಯಿದೆ. ಬೃಹಸ್ಪತಿ ಇಂದ್ರನಿಗೆ ಒಂದೊಂದೇ ಶಬ್ದ ಹೇಳುತ್ತ ಶಬ್ದಗಳ ಪಾರಾಯಣ ಮಾಡಿಸಿದನಂತೆ. ದೇವತೆಗಳ ಲೆಕ್ಕದ ಸಾವಿರ ವರ್ಷ ಕಳೆದರೂ ಕೊನೆ ಮುಟ್ಟಲಿಲ್ಲವಂತೆ. ಅಷ್ಟು ದೊಡ್ಡ ಗುರು, ಅಷ್ಟು ದೊಡ್ಡ ಶಿಷ್ಯ, ಅಷ್ಟು ದೀರ್ಘ ಕಾಲ! ಎಲ್ಲ ಶಬ್ದವನ್ನೂ ಒಂದೊಂದಾಗಿ ಕಲಿಯಲಾಗದು, ಅದಕ್ಕೇ ವ್ಯಾಕರಣ ಬೇಕು ಎನ್ನುವುದಕ್ಕೆ ಪತಂಜಲಿ ಈ ಕಥೆ ಹೇಳುತ್ತಾನೆ. ನನಗೆ ಮಾತ್ರ ಇದು ಪ್ರತಿದಿನ ಧರ್ಮಗ್ರಂಥ ಬಿಚ್ಚುವವರ ಕಥೆಯಾಗಿಯೇ ಕಾಣುತ್ತದೆ.

ಇದರ ಪಕ್ಕದಲ್ಲಿಯೇ ಇನ್ನೊಂದು ಪದವಿದೆ, ಪರಾಯಣ. ಧರ್ಮಪರಾಯಣ, ಕರ್ತವ್ಯಪರಾಯಣ ಎನ್ನುವಾಗ ಬರುವುದು. ಒಂದನ್ನೇ ಗತಿಯೆಂದು ನಂಬಿ ಅದರಲ್ಲಿ ನಿಂತವನು ಪರಾಯಣ. ಕೇಳಿದಾಗ ಒಂದು ದೀರ್ಘದಷ್ಟೇ ವ್ಯತ್ಯಾಸ, ಬದುಕಿನಲ್ಲಿ ಅದು ದೊಡ್ಡದು. ಪಾರಾಯಣ ಮಾಡಿದವರೆಲ್ಲ ಪರಾಯಣರಾಗುವುದಿಲ್ಲ. ಪರೀಕ್ಷೆಗೆ ಕೂತ ಹುಡುಗ ಗೈಡನ್ನು ಆರು ಸಲ ಪಾರಾಯಣ ಮಾಡಿದ್ದಾನೆ ಎನ್ನುತ್ತೇವೆ. ಹಾಲ್‌ನಿಂದ ಹೊರಗೆ ಬರುತ್ತಲೇ ಅವನ ತಲೆ ಖಾಲಿಯಾಗುವುದನ್ನೂ ಬಲ್ಲೆವು. ಪದಕ್ಕೆ ಹೀಗೆ ಕಂಠಪಾಠದ ಧೂಳು ಹತ್ತಿದೆ. ಆದರೂ ಅದು ಸವೆದಿಲ್ಲ. ಬಸವಕಲ್ಯಾಣದ ಕಡೆ ಶರಣರ ವಚನಗಳನ್ನು ಸಾಮೂಹಿಕವಾಗಿ ಓದುವುದಕ್ಕೂ ವಚನ ಪಾರಾಯಣ ಎನ್ನುತ್ತಾರೆ. ಬೀದರಿನ ನಾನಕ್ ಝೀರಾದಲ್ಲಿ ಸಿಖ್ಖರ ಅಖಂಡ ಪಾಠ ಇದೇ ಕುಲದ್ದು; 1430 ಪುಟಗಳ ಗುರು ಗ್ರಂಥ ಸಾಹಿಬ್ ಅನ್ನು ಸುಮಾರು 48 ಗಂಟೆ ಎಡೆಬಿಡದೆ ಓದಿ ಮುಗಿಸುತ್ತಾರೆ. ಮಸೀದಿಗಳಲ್ಲಿ ರಮ್‌ಜಾನ್ ತಿಂಗಳಿನಲ್ಲಿ ಕುರ್‌ಆನಿನ 30 ಭಾಗಗಳೂ ಪೂರ್ಣವಾಗುತ್ತವೆ.

ಇಷ್ಟೆಲ್ಲ ಮನೆಗಳಿಗೆ ಹೋಗಿಬರುವ ಪದ ನಮ್ಮ ಚರ್ಚಿನ ಮನೆಗಳ ಹೊರಗೇ ನಿಂತಿದೆ. ನಾವು ‘ವಾಕ್ಯ ಓದಿದ್ರೇನು?’ ಎಂದು ಕೇಳುತ್ತೇವೆ. ‘ವಾಕ್ಯ ಧ್ಯಾನ’ ಎನ್ನುತ್ತೇವೆ, ‘ವೇದಪಠಣ’ ಎನ್ನುತ್ತೇವೆ. ಪಾರಾಯಣ ಎನ್ನುವುದಿಲ್ಲ. ಅದು ಹೆರವರ ಪದ ಎಂಬ ಸಂಕೋಚ ಇರಬಹುದು. ಆದರೆ ನಮ್ಮ ಸತ್ಯವೇದದ ಪರಿವಿಡಿಯನ್ನೇ ನೋಡಿ: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಕೀರ್ತನೆಗಳು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು 1831ರಲ್ಲಿ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಅಲ್ಲಿಂದ ಮುಂದೆ ತಿದ್ದುತ್ತ ಬಂದವರ ಕೈಯಲ್ಲಿ ಅದು ನಮ್ಮದೇ ಕಾಂಡ, ಕೀರ್ತನೆಗಳ ಹೆಸರು ಹೊತ್ತಿತು. ಮೋಶೆಯ ಜನ ಮರುಭೂಮಿಯಲ್ಲಿ ಅಲೆದ ಕಥೆಗೆ ಹೀಬ್ರೂ ಭಾಷೆಯಲ್ಲಿಯೂ ಅಡವಿ ಎಂಬರ್ಥದ ಹೆಸರೇ ಇದೆ. ಕನ್ನಡದಲ್ಲಿ ಅರಣ್ಯಕಾಂಡ ಎಂದಾಗ ರಾಮಾಯಣ ಕೇಳಿ ಬೆಳೆದ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಹೀಗೆ ಅರ್ಧ ದಾರಿ ನಡೆದು ಬಂದ ಗ್ರಂಥಕ್ಕೆ ಪಾರಾಯಣ ಹೇಗೆ ಹೊರಗಿನದಾದೀತು?

ನೇಮವಂತೂ ಹೊರಗಿನದಲ್ಲವೇ ಅಲ್ಲ. ಬೀದರ್ ಸೀಮೆಯ ಚರ್ಚುಗಳಲ್ಲಿ ಮೆಥೋಡಿಸ್ಟರದೇ ಹೆಚ್ಚು. ಆ ಹೆಸರು ಹುಟ್ಟಿದ್ದೇ ನೇಮದಿಂದ. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಹೊತ್ತು ಗೊತ್ತು ಮಾಡಿಕೊಂಡು ವೇದ ಓದುತ್ತಿದ್ದರು, ಉಪವಾಸ ಮಾಡುತ್ತಿದ್ದರು. ಎಲ್ಲದಕ್ಕೂ ಒಂದು ಕ್ರಮ ಇಟ್ಟುಕೊಂಡವರು ಎಂದು ಉಳಿದವರು ಅಣಕಿಸಿ ಇಟ್ಟ ಅಡ್ಡಹೆಸರೇ ಮೆಥೋಡಿಸ್ಟ್. ಆಡಿಕೊಂಡವರ ಹೆಸರು ಯಾವುದೂ ಉಳಿಯಲಿಲ್ಲ, ಅಡ್ಡಹೆಸರು ಹುಮನಾಬಾದಿನವರೆಗೆ ಬಂತು.

ಈ ನೇಮ ಸಡಿಲಾಗಿರುವುದು ನನ್ನ ಸಂಕಟ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನ ವಾಕ್ಯದ ಚೀಟಿ ತೆಗೆಯುತ್ತೇವೆ. ವರ್ಷಪೂರ್ತಿ ಅದು ಗೋಡೆಯ ಮೇಲೆ, ಮೊಬೈಲಿನ ಸ್ಟೇಟಸ್ಸಿನಲ್ಲಿ ಇರುತ್ತದೆ. ಚೀಟಿ ತೆಗೆಯುವವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಚೀಟಿಗೆ ಬರುವುದೆಲ್ಲ ಸಿಹಿ ಮಾತೇ. ಪ್ರಲಾಪಗಳು ಎಂಬ ಗ್ರಂಥವನ್ನು ತೆಗೆದುಕೊಳ್ಳಿ. ಕೃಪೆ ಬೆಳಬೆಳಗೂ ಹೊಸದಾಗುತ್ತದೆ ಎಂಬ ಭರವಸೆ ಅದರ 3ನೇ ಅಧ್ಯಾಯದ 22, 23ನೇ ವಚನಗಳಲ್ಲಿದೆ. ಕ್ಯಾಲೆಂಡರುಗಳಿಗೆ ಬಹಳ ಪ್ರಿಯವಾದ ಜಾಗ ಅದು. ಸುತ್ತ ಏನಿದೆ? ಬಾಬಿಲೋನಿನವರು ಸುಟ್ಟು ಹಾಳುಮಾಡಿದ ಯೆರೂಸಲೇಮು, ಹಾದಿಯಲ್ಲಿ ಹಸಿದು ಬಿದ್ದ ಮಕ್ಕಳು, ಉತ್ತರ ಕೊಡದ ದೇವರು. ಒಟ್ಟು ಐದು ಅಧ್ಯಾಯ. ಭರವಸೆಯ ಮಾತು ಸರಿಯಾಗಿ ನಡುವೆ ಬರುತ್ತದೆ, ಅದಾದ ಮೇಲೆ ಅಳು ಮತ್ತೆ ಶುರುವಾಗುತ್ತದೆ. ಕೊನೆಯ ಅಧ್ಯಾಯ ಒಂದು ಸಂಶಯದಲ್ಲಿಯೇ ನಿಲ್ಲುತ್ತದೆ.

ಅಪ್ಪ ತೀರಿಕೊಂಡ ವರ್ಷ ನನಗೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರ ವಾಕ್ಯಗಳು ಕಿವಿಯ ಮೇಲೆ ಬಿದ್ದು ಹೋಗುತ್ತಿದ್ದವು. ಓದಿನ ಸರದಿ ಮಾತ್ರ ಬಿಟ್ಟಿರಲಿಲ್ಲ, ಬೆಳಿಗ್ಗೆ ಎದ್ದು ನಿನ್ನೆ ನಿಲ್ಲಿಸಿದಲ್ಲಿಂದ ಗಟ್ಟಿಯಾಗಿ ಓದುತ್ತಿದ್ದೆ. ಆ ಸರದಿಯಲ್ಲಿಯೇ ಪ್ರಲಾಪಗಳು ಬಂತು. ಮೊದಲೆರಡು ಅಧ್ಯಾಯ ಓದುವಾಗ, ನಾನು ಆಡಲಾರದೆ ನುಂಗಿಕೊಂಡ ಮಾತನ್ನೆಲ್ಲ ಯಾರೋ ಆಗಲೇ ದೇವರ ಮುಂದೆ ಆಡಿಬಿಟ್ಟಿದ್ದಾರೆ ಅನ್ನಿಸಿತು. ಮೂರನೆಯ ಅಧ್ಯಾಯ ತಲುಪಿದಾಗ ಆ ಎರಡು ವಚನಗಳು ಬೇರೆಯೇ ತೂಕದಲ್ಲಿ ಬಂದವು. ಹಾಳುಬಿದ್ದ ಊರನ್ನು ದಾಟಿ ಬಂದಿದ್ದರಿಂದ ಅವನ್ನು ನಂಬಲು ಸಾಧ್ಯವಾಯಿತು. ನಾನಾಗಿ ಆರಿಸಿಕೊಂಡಿದ್ದರೆ ಆ ದುಃಖದ ಅಧ್ಯಾಯಗಳನ್ನು ಖಂಡಿತ ಆರಿಸುತ್ತಿರಲಿಲ್ಲ. ಪಾರಾಯಣದ ಉಪಕಾರ ಇದೇ. ನಮಗೆ ಬೇಕಾದದ್ದನ್ನು ನಾವು ಹುಡುಕಿ ಓದುವುದು ಅದರಲ್ಲಿ ನಡೆಯುವುದಿಲ್ಲ, ಬರುವ ಅಧ್ಯಾಯದ ಎದುರು ನಾವು ಕೂಡಬೇಕು.

ಪುರಾಣದ ಓದು, ಸತ್ಯವೇದದ ಓದು ಎರಡನ್ನೂ ಬಲ್ಲವರೊಬ್ಬರು ನಮ್ಮ ನಾಡಿನಲ್ಲಿಯೇ ಹುಟ್ಟಿದ್ದರು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಸ್ಥಾನಗಳಲ್ಲಿ ಪುರಾಣ ಓದಿ, ಕೇಳಿದವರು ಕೊಟ್ಟದ್ದರಲ್ಲಿ ಬದುಕಿದ ಕುಟುಂಬ ಅದು. ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ಹಸಿವಿನಲ್ಲಿ ತೀರಿಹೋದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಅವರೇ ಹೇಳಿಕೊಂಡಿರುವಂತೆ, ತಾನು ಕ್ರೈಸ್ತಧರ್ಮವನ್ನು ಕಂಡಿದ್ದೇನೆ, ಕ್ರಿಸ್ತನನ್ನು ಕಂಡಿಲ್ಲ ಎಂಬ ಅರಿವು ಬಂದದ್ದು ಅದಾಗಿ ಎಂಟು ವರ್ಷಗಳ ಮೇಲೆ. ದೀಕ್ಷೆಯ ಹೊಸತನ ಒಂದು ದಿನದ್ದು, ಒಳಗಿನ ಹೊಸತನಕ್ಕೆ ಅವರಂಥವರೂ ಅಷ್ಟು ಕಾಲ ಓದಬೇಕಾಯಿತು. ಮುಂದೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. ಅವರು 1922ರಲ್ಲಿ ತೀರಿಕೊಂಡರು. ಅನುವಾದ ಪೂರ್ತಿಯಾಗಿ ಅಚ್ಚಾಗಿ ಬಂದದ್ದು 1924ರಲ್ಲಿ. ಬಾಲ್ಯದ ಪುರಾಣಪಾರಾಯಣ ಅವರ ಜೀವನದಲ್ಲಿ ವ್ಯರ್ಥವಾಯಿತು ಎಂದು ನಾನು ಒಪ್ಪಲಾರೆ. ಗ್ರಂಥದ ಮುಂದೆ ಗಂಟೆಗಟ್ಟಲೆ ಕೂಡುವ ಬೆನ್ನನ್ನು ಅವರಿಗೆ ಕೊಟ್ಟದ್ದು ಅದೇ.

ಮಾಣಿಕಪ್ರಭುಗಳು ಬೋಧಿಸಿದ್ದು ಸಕಲಮತ ಸಂಪ್ರದಾಯ, ಎಲ್ಲ ಮತಗಳನ್ನೂ ಸತ್ಯವೆಂದು ಗೌರವಿಸುವ ದಾರಿ. ಅವರ ಊರಿನ ಪದವೊಂದನ್ನು ಸತ್ಯವೇದದ ಓದಿಗೆ ಬಳಸಿಕೊಂಡರೆ ಬೇಡವೆನ್ನುವವರು ಅಲ್ಲಿ ಯಾರೂ ಸಿಗಲಾರರು ಎಂದು ನನ್ನ ನಂಬಿಕೆ. ಬೇಡವೆನ್ನದಿರಬೇಕಾದವರು ನಾವು.

ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ ಎಂಬುದು ಹಳೆಯವರ ಲೆಕ್ಕ. ಅಷ್ಟು ಆಗದವರು ಮಾರ್ಕನ ಸುವಾರ್ತೆಯಿಂದ ಶುರುಮಾಡಿ, ಹದಿನಾರೇ ಅಧ್ಯಾಯ. ಹೊತ್ತು ಒಂದೇ ಇರಲಿ, ಜಾಗ ಒಂದೇ ಇರಲಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಮನೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಯಾಜಕಕಾಂಡದಲ್ಲಿ, ಪೂರ್ವಕಾಲವೃತ್ತಾಂತದ ವಂಶಾವಳಿಗಳಲ್ಲಿ ಕಾಲು ಎಳೆಯುತ್ತದೆ, ಆದರೂ ಹಾರಿಸಬೇಡಿ. ನಡುವೆ ನಾಲ್ಕು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದ ಹಿಡಿಯಿರಿ. ಆ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದು ಕರೆದರೆ ‘ಪಾರಾಯಣಕ್ಕ ಕುಂತಾರ್ರೀ’ ಎಂದು ಹೇಳಲು ಮನೆಯವರಿಗೆ ತಿಳಿಸಿಡಿ.